ಮುರಿದ ಕೋಲಿಗೆ ರೇಷ್ಮೆಯ ಕಟ್ಟು

ಮಂಗಳವಾರ ಬೆಳಗ್ಗೆ ಮಾರ್ನ್‌ಬಿಯಲ್ಲಿ ಮಂಜು. ಅಂತಿಂಥ ಮಂಜಲ್ಲ. ಚರ್ಚಿನ ಗೋಪುರ ಅರ್ಧಕ್ಕೇ ಕರಗಿಹೋಗಿದೆ. ಗಂಟೆ ಆರು ಹೊಡೆದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗದು. ಅಕ್ಟೋಬರ್ ತಿಂಗಳ ಕೊನೆಯ ವಾರ. ನಾಲ್ಕು ದಿನ ಬಿಡದೆ ಸುರಿದ ಮಳೆ ನಿನ್ನೆ ಸಂಜೆ ನಿಂತಿದೆ, ಗಾಳಿಯೂ ಬಿದ್ದುಹೋಗಿದೆ, ಟ್ರೆಂಟ್ ನದಿ ತನ್ನ ಉಸಿರನ್ನೆಲ್ಲ ಊರಿನ ಮೇಲೆ ಬಿಟ್ಟು ಮಲಗಿದೆ. ರೋಚ್ ಮೀನಿಗೆ ಗಾಳ ಹಾಕುವವರು ಇಂಥ ದಿನಕ್ಕಾಗಿ ಕಾದಿರುತ್ತಾರೆ. ನೀರು ತಿಳಿಯಾಗುತ್ತ ಬರುತ್ತಿರುತ್ತದೆ, ಬಿಸಿಲಿರುವುದಿಲ್ಲ, ಕೆಂಪು ರೆಕ್ಕೆಯ ಆ ಬೆಳ್ಳಿ ಮೀನು ಅಂಜಿಕೆ ಬಿಟ್ಟು ದಡದ ಹತ್ತಿರಕ್ಕೆ ಬರುತ್ತದೆ.

ಏವ್ರಿಲ್ ಫುಟಿಟ್ ಆಗಲೇ ಕೆಲಸಕ್ಕೆ ಕೂತು ಮುಕ್ಕಾಲು ಗಂಟೆಯಾಗಿದೆ. ಹಿತ್ತಲಿನ ತಗಡಿನ ಶೆಡ್ಡು, ಮೂಲೆಯಲ್ಲಿ ಸೀಮೆಎಣ್ಣೆಯ ಹೀಟರು, ಮೇಜಿನ ಮೇಲೆ ಎರಡು ಮರದ ಕವೆಗಳು. ಕವೆಗಳ ಮೇಲೆ ಕಪ್ಪಗೆ ಹೊಳೆಯುವ ಒಂದು ಕಾರ್ಬನ್ ಕೊಳವೆ ಮಲಗಿದೆ. ಎಡಗೈ ಕೊಳವೆಯನ್ನು ತಿರುಗಿಸುತ್ತದೆ, ಬಲಗೈ ಹೆಬ್ಬೆರಳು ರೇಷ್ಮೆ ದಾರವನ್ನು ಒಂದರ ಪಕ್ಕ ಒಂದು ಕೂರಿಸುತ್ತ ಹೋಗುತ್ತದೆ. ಒಂದು ಬೆರಳಗಲದಲ್ಲಿ ನೂರೈವತ್ತು ಸುತ್ತು. ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿಂದ ಶುರು. ಸುತ್ತುವಾಗ ಅವರು ಮಾತಾಡುವುದಿಲ್ಲ. ರೇಡಿಯೋ ಕೂಡ ಇಲ್ಲ. ಶೆಡ್ಡಿನೊಳಗೆ ಹೀಟರಿನ ಗುಸುಗುಸು ಒಂದೇ.

ಏವ್ರಿಲ್‌ಗೆ ಅರವತ್ತಮೂರು ವರ್ಷ. ನಲವತ್ತಾರು ವರ್ಷದಿಂದ ಅವರ ಕೆಲಸ ಒಂದೇ, ಮುರಿದ ಗಾಳದ ಕೋಲುಗಳನ್ನು ಕೂಡಿಸುವುದು. ಭಾನುವಾರದ ಸ್ಪರ್ಧೆಗಳಲ್ಲಿ ಗೆದ್ದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಅವರು ಹಿಡಿದ ಮೀನಿನ ತೂಕ ಬರುತ್ತದೆ, ಕೋಲು ಮಾಡಿದ ಕಂಪನಿಯ ಹೆಸರೂ ಬರುತ್ತದೆ. ಆ ಕೋಲಿನ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಏವ್ರಿಲ್ ಸುತ್ತಿದ ನಾಲ್ಕು ಬೆರಳಗಲ ರೇಷ್ಮೆ ಇರುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಬರೆಯಬೇಕೆಂದು ಅವರಿಗೂ ಅನ್ನಿಸಿಲ್ಲ.

ಆರೂ ನಲವತ್ತಕ್ಕೆ ಅವರು ಚಹಾಕ್ಕೆಂದು ಎದ್ದು ಮೇಜು ಒರೆಸುವ ಬಟ್ಟೆ ಎತ್ತುತ್ತಾರೆ. ಬಟ್ಟೆಯ ಅಡಿಯಲ್ಲಿ ಒಂದು ಹಳದಿ ಚೀಟಿ ಅಂಟಿಕೊಂಡಿದೆ. ಅದರ ಮೇಲೆ ಮಿಂಚಿನ ಗುರುತು. ಕೋಲು ಎತ್ತಿ ನಿಂತ ಮನುಷ್ಯನ ಚಿತ್ರ. ಕರೆಂಟಿನ ತಂತಿಯ ಹತ್ತಿರ ಈ ಕೋಲನ್ನು ಎತ್ತಬಾರದು, ಪ್ರಾಣ ಹೋಗುತ್ತದೆ ಎಂಬ ಎರಡು ಸಾಲು. ಏವ್ರಿಲ್ ಅದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ನಿನ್ನೆ ಮಧ್ಯಾಹ್ನ ಹಳೆಯ ಗಿರಾಕಿ ಹೊರೇಸ್ ರೇನರ್ ಅವರ ಕೋಲಿನ ಬುಡದಿಂದ ಬಿಸಿಗಾಳಿ ತಾಗಿಸಿ ತಾವೇ ಕಿತ್ತದ್ದು. ಸಂಜೆ ಹೊರೇಸ್ ಬಂದು ಕೋಲು ಒಯ್ದಿದ್ದಾರೆ. ನಾಳೆ ಬೆಳಗ್ಗೆಯೇ ಹೋಗ್ತೀನಿ, ಪಂಪ್‌ಹೌಸ್ ತಿರುವಿಗೆ, ಎಂದು ಹೇಳಿಯೂ ಹೋಗಿದ್ದಾರೆ.

ಪಂಪ್‌ಹೌಸ್ ತಿರುವಿನಲ್ಲಿ ನದಿಯ ಮೇಲೆ ತಂತಿ ಹಾದುಹೋಗುತ್ತದೆ. ಆ ಮಂಜಿನಲ್ಲಿ ತಂತಿ ಇರಲಿ, ತಂತಿ ಹೊತ್ತ ಕಂಬವೂ ಕಾಣುವುದಿಲ್ಲ.

ಹೊರೇಸ್ ಮನೆಗೆ ಫೋನು ಮಾಡಿದರೆ ಹೆಂಡತಿ ಡೋರೀನ್ ಎತ್ತುತ್ತಾರೆ.

"ಅವ್ರು ಐದೂವರೆಗೇ ಹೋದ್ರಲ್ಲಮ್ಮ. ಎಳೇ ಮಗು ಥರ, ರಾತ್ರಿ ನಿದ್ದೇನೂ ಮಾಡ್ಲಿಲ್ಲ, ನಂಗೂ ಮಾಡಕ್ಕೆ ಬಿಡ್ಲಿಲ್ಲ. ಮೊಬೈಲಾ? ಅದು ಇಲ್ಲೇ ಇದೆ, ಬ್ರೆಡ್ ಡಬ್ಬದೊಳಗೆ. ರಿಂಗ್ ಆದ್ರೆ ಮೀನು ಹೆದರ್ತವಂತೆ. ಯಾಕೆ, ಏನಾದ್ರೂ ಆಯ್ತಾ?"

"ಏನಿಲ್ಲ, ಸುಮ್ನೆ ಕೇಳ್ದೆ," ಎಂದು ಏವ್ರಿಲ್ ಫೋನಿಡುತ್ತಾರೆ. ಎಪ್ಪತ್ತೇಳು ವರ್ಷದ ಹೆಂಗಸಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಕಾರು ಹೋಗುವ ಹಾಗಿಲ್ಲ. ಹೊಲದ ದಾರಿ ಮಳೆಗೆ ಕೆರೆಯಾಗಿದೆ. ಮೊಣಕಾಲು ನೋವಿನ ಏವ್ರಿಲ್ ರಬ್ಬರ್ ಬೂಟು ಏರಿಸಿಕೊಂಡು, ಚೀಟಿಯನ್ನು ಜೇಬಿಗಿಟ್ಟು, ಬೇಲಿ ಹಿಡಿದುಕೊಂಡು ನಡೆಯುತ್ತಾರೆ. ಒಂದೂವರೆ ಮೈಲಿ. ಭಾನುವಾರದ ಪ್ರಾರ್ಥನೆಯಲ್ಲಿ ದೇವರ ಮುಂದೆ ಉದ್ದ ಪಟ್ಟಿ ಒಪ್ಪಿಸುವ ಹೆಂಗಸು ಅವರು. ಊರಿನ ಕಾಯಿಲೆಯವರ ಹೆಸರೆಲ್ಲ ಅದರಲ್ಲಿರುತ್ತದೆ. ಈಗ ಬಾಯಲ್ಲಿ ಒಂದೇ ಮಾತು. ಇನ್ನೂ ಎತ್ತದಿರಲಿ, ಕರ್ತನೇ, ಇನ್ನೂ ಎತ್ತದಿರಲಿ.

ಹೊಸ ಕೋಲು ಇಟ್ಟುಕೊಂಡವರಿಗೆಲ್ಲ ತಂತಿಯ ವಿಷಯ ಗೊತ್ತು. ಕಾರ್ಬನ್ ಎಂದರೆ ಕರೆಂಟಿಗೆ ತಾಮ್ರದ ತಮ್ಮನಿದ್ದ ಹಾಗೆ. ತಂತಿಗೆ ಮುಟ್ಟಿಸಲೂ ಬೇಕಿಲ್ಲ, ಹತ್ತಿರ ಹೋದರೆ ಸಾಕು, ಕರೆಂಟೇ ನೆಗೆದು ಬರುತ್ತದೆ. ಹುಡುಗರು ಮೊದಲ ದಿನವೇ ಇದನ್ನು ಕಲಿಯುತ್ತಾರೆ. ಆದರೆ ಹೊರೇಸ್ ಹುಡುಗರಲ್ಲ. ಎಪ್ಪತ್ತೊಂಬತ್ತು ವರ್ಷದ ಅವರು ಹೋದ ತಿಂಗಳವರೆಗೆ ಬಿದಿರಿನ ಕೋಲು ಬಿಟ್ಟು ಬೇರೆಯದನ್ನು ಮುಟ್ಟಿದವರಲ್ಲ. ಆ ಕೋಲನ್ನು ಮಾಡಿಕೊಟ್ಟವರು ಏವ್ರಿಲ್ ಅವರ ಅಪ್ಪ.

ಅಪ್ಪನ ಕಾಲದ ಕೋಲೆಂದರೆ ಬಿದಿರನ್ನು ಆರು ಸೀಳಾಗಿ ಸೀಳಿ, ಒಂದೊಂದನ್ನೂ ಕೂದಲೆಳೆ ಲೆಕ್ಕದಲ್ಲಿ ಹೆರೆದು, ಅಂಟು ಹಾಕಿ ಒಂದು ಮಾಡಿದ್ದು. ಉದ್ದ ಹನ್ನೆರಡು ಅಡಿ. ಅದಕ್ಕೊಂದು ದಾರ ಸುತ್ತಿಡುವ ಬರಿಯ ಗಾಲಿಯಂಥ ರೀಲು, ಅದು ತಿರುಗದಂತೆ ತಡೆಯುವುದೆಲ್ಲ ಹೆಬ್ಬೆರಳೇ. ನೀರ ಮೇಲೆ ತೇಲಲು ಕಾಗೆಯ ಗರಿಯ ಬೆಂಡು, ಗಾಳಕ್ಕೆ ಒಂದು ಚೂರು ಬ್ರೆಡ್ಡು. ಬೆಂಡನ್ನು ಹರಿವಿಗೆ ಬಿಟ್ಟು ನದಿ ನಡೆದಷ್ಟೇ ವೇಗದಲ್ಲಿ ಗಾಳದ ತಂಗೂಸಿ ದಾರವನ್ನು ಬಿಡುತ್ತ ಹೋಗಬೇಕು. ಒಂದಿಷ್ಟು ತಡೆದರೆ ರೋಚ್ ಅನುಮಾನ ಪಡುತ್ತದೆ. ಹೊರೇಸ್ ಇದನ್ನು ಐವತ್ತೊಂದು ವರ್ಷ ಒಂದೇ ತಿರುವಿನಲ್ಲಿ ಕೂತು ಮಾಡಿದ್ದಾರೆ. ತಲೆಯ ಮೇಲಿನ ತಂತಿಗೂ ಹನ್ನೆರಡು ಅಡಿಯ ಬಿದಿರಿಗೂ ಎಂದೂ ಗಂಟುಬಿದ್ದದ್ದಿಲ್ಲ. ಎಚ್ಚರಿಕೆಯ ಫಲಕವೊಂದು ಕಂಬದ ಮೇಲೆ ಇದೆ. ಐವಿ ಬಳ್ಳಿ ಅದನ್ನು ಮುಚ್ಚಿ ಎಷ್ಟು ವರ್ಷವಾಯಿತೋ ಯಾರಿಗೂ ನೆನಪಿಲ್ಲ.

ಈ ಬೇಸಿಗೆಯಲ್ಲಿ ಹೊರೇಸ್ ಅವರ ಬಲ ಭುಜ ಕೈಕೊಟ್ಟಿತು. ಕೋಲು ಬೀಸುವುದಾಗಲಿ ಇಡೀ ದಿನ ಹಿಡಿದಿರುವುದಾಗಲಿ ಆಗದು ಎಂದರು ಡಾಕ್ಟರು. ಮಗಳು ಯಾರದೋ ಹತ್ತಿರ ಹಳೆಯದೊಂದು ಕಾರ್ಬನ್ ಕೋಲು ಹುಡುಕಿ ತಂದಳು. ಎಂಟು ತುಂಡು, ಜೋಡಿಸಿದರೆ ಹದಿಮೂರು ಮೀಟರ್. ನಿಲ್ಲಿಸಿದರೆ ಎರಡಂತಸ್ತಿನ ಮನೆಯನ್ನೂ ಮೀರುತ್ತದೆ. ರೀಲಿಲ್ಲ, ಬೀಸುವುದಿಲ್ಲ. ತುದಿಗೇ ತಂಗೂಸಿ ಕಟ್ಟಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಬೆಂಡನ್ನು ನೇರವಾಗಿ ಮೀನಿನ ನೆತ್ತಿಯ ಮೇಲೆ ಇಳಿಸಿ ಕೂರಬಹುದು. ಭುಜಕ್ಕೆ ಕೆಲಸವೇ ಇಲ್ಲ.

ಕಷ್ಟವಿದ್ದದ್ದು ಬೇರೆ ಕಡೆ. ಇಂಥ ಕೋಲು ಹಿಡಿದವರನ್ನು ಹೊರೇಸ್ ಮೂವತ್ತು ವರ್ಷದಿಂದ ಉದ್ದ ಕೋಲಿನಿಂದ ಹೊಗೆಗೂಡಿನ ಮಸಿ ತೆಗೆಯುವವರಿಗೆ ಹೋಲಿಸಿ ‘ಚಿಮಣಿ ಗುಡಿಸೋರು’ ಎಂದು ಆಡಿಕೊಂಡು ಬಂದವರು. ಇವತ್ತೂ ಮಸಿ ತೆಗೆಯಕ್ಕೆ ಹೊರಟ್ರಾ ಎಂದು ಕೇಳದೆ ಒಬ್ಬನನ್ನೂ ಬಿಟ್ಟಿಲ್ಲ. ಈಗ ತಾವೇ ಗುಡಿಸಲು ಹೋಗುವುದನ್ನು ಗಾಳ ಹಾಕುವವರ ಸಂಘದವರು ನೋಡಿಬಿಟ್ಟರೆ? ಆದ್ದರಿಂದ ಯಾರನ್ನೂ ಏನನ್ನೂ ಕೇಳಲಿಲ್ಲ. ಆ ಕೋಲು ನೀರು ನೋಡುವ ಮೊದಲೇ ಕಾರಿನ ಬಾಗಿಲಿಗೆ ಸಿಕ್ಕಿ ಬುಡ ಬಿರಿದಾಗ ಅದನ್ನು ಕಂಬಳಿಯಲ್ಲಿ ಸುತ್ತಿ ತಂದು, ಶೆಡ್ಡಿನ ಬಾಗಿಲು ಹಾಕಿಕೊಂಡು, ಏವ್ರಿಲ್ ಒಬ್ಬರಿಗೆ ತೋರಿಸಿದ್ದರು.

ಏವ್ರಿಲ್ ಆ ಬಿರುಕಿಗೆ ಆರುನೂರು ಸುತ್ತು ರೇಷ್ಮೆ ಹಾಕಿದರು, ರಾಳ ಕುಡಿಸಿದರು, ಉಜ್ಜಿ ಕನ್ನಡಿ ಮಾಡಿದರು. ಕೊನೆಗೆ ಕಣ್ಣಿಗೆ ಚುಚ್ಚುತ್ತಿದ್ದ ಹಳದಿ ಚೀಟಿಯನ್ನು ಕಿತ್ತರು. ಅಪ್ಪನ ನಿಯಮ ಅದು. ಕೋಲಿನ ಮೈಮೇಲೆ ದಾರ ಮತ್ತು ವಾರ್ನಿಷ್ ಬಿಟ್ಟು ಇನ್ನೇನೂ ಇರಬಾರದು. ನಲವತ್ತು ವರ್ಷದಿಂದ ಅವರ ಕೈಗೆ ಬಂದ ಕೋಲುಗಳೆಲ್ಲ ಹೀಗೆ ಮೈ ತೊಳೆದುಕೊಂಡೇ ಹೋಗಿವೆ. ಕಾರ್ಬನ್ ಕೋಲಿನವರು ಇದರ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ಅವರಿಗೆ ಚೀಟಿ ಬೇಕಿರಲಿಲ್ಲ. ಬೇಕಾಗಿದ್ದ ಮೊದಲ ಮನುಷ್ಯ ಹೊರೇಸ್.

ಏವ್ರಿಲ್ ದಡ ತಲುಪಿದಾಗ ಏಳೂವರೆ ದಾಟಿದೆ. ಬೂಟಿನ ತುದಿ ಬಿಟ್ಟರೆ ಮುಂದೆ ಹಾಲು. ಆ ಹಾಲಿನೊಳಗಿಂದ ಒಂದು ಸದ್ದು ಬರುತ್ತದೆ: ಸುಯ್ಯೆಂದು ಉಜ್ಜಿ, ಟಕ್ಕೆಂದು ಕೂರುವ ಸದ್ದು. ಬೇರೆಯವರಿಗೆ ಅದು ಏನೂ ಅಲ್ಲ. ಏವ್ರಿಲ್‌ಗೆ ಗೊತ್ತು, ಅದು ಒಂದು ತುಂಡು ಇನ್ನೊಂದರೊಳಗೆ ಕೂರುತ್ತಿರುವುದು. ಮತ್ತೊಂದು ಟಕ್. ದಪ್ಪ ತುಂಡಿನ ದನಿ ಬೇರೆ, ಸಣ್ಣದರದು ಬೇರೆ; ಇದು ಐದನೆಯದು.

ರೋಚ್ ಹಿಡಿಯುವವರ ನಡುವೆ ಹುಟ್ಟಿ ಬೆಳೆದವರು ದಡದ ಮೇಲೆ ಓಡುವುದಿಲ್ಲ, ಕೂಗುವುದಿಲ್ಲ. ಕಾಲಿನ ಸಪ್ಪಳ ನೆಲದಿಂದ ನೀರಿಗಿಳಿದು ಮೀನಿಗೆ ಮುಟ್ಟುತ್ತದೆ. ಅಪ್ಪನ ಬುತ್ತಿ ಹೊತ್ತು ಬರುತ್ತಿದ್ದ ಆರನೇ ವಯಸ್ಸಿನಿಂದಲೂ ಏವ್ರಿಲ್ ಇಲ್ಲಿ ಬೆಕ್ಕಿನ ಹೆಜ್ಜೆಯಲ್ಲೇ ನಡೆದವರು. ಇವತ್ತು ಧಡಧಡನೆ ಓಡುತ್ತಾರೆ.

"ಹೊರೇಸ್, ಎತ್ಬೇಡಿ! ಕೋಲು ಕೆಳಗಿಡಿ, ಎತ್ಬೇಡಿ!"

ಮಂಜಿನೊಳಗೆ ಸದ್ದು ನಿಲ್ಲುತ್ತದೆ. ಹಿಂದೆಯೇ ಒಂದು ದನಿ, ಬಹಳ ಬೇಸರದ್ದು.

"ಯಾರ ಹಸು ಹಗ್ಗ ಕಿತ್ಕೊಂಡು ಬಂತೋ ಅಂದ್ಕೊಂಡೆ. ನೀನಾ?"

ಹೊರೇಸ್ ಗಾಳದ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ಕಪ್ಪು ಕೋಲು ಐದು ತುಂಡಿನಷ್ಟು ಉದ್ದಕ್ಕೆ ಹುಲ್ಲಿನ ಮೇಲೆ ಮಲಗಿದೆ. ಪಕ್ಕದಲ್ಲಿ ಆರನೆಯದು, ಏಳನೆಯದು, ಎಂಟನೆಯದು. ಆಚೆ ಕವೆಗೊರಗಿಸಿಟ್ಟ ಅಪ್ಪನ ಬಿದಿರು ಕೋಲು. ಏವ್ರಿಲ್ ಮೊಣಕಾಲು ಹಿಡಿದುಕೊಂಡು ಒದ್ದೆ ಹುಲ್ಲಿನ ಮೇಲೇ ಕೂತುಬಿಡುತ್ತಾರೆ. ಉಸಿರು ಸಿಗಲು ಹೊತ್ತು ಬೇಕಾಗುತ್ತದೆ.

"ಒಂದು ಮೀನೂ ಉಳ್ದಿರಲ್ಲ ಇನ್ನು. ಹರಿವಿನ ಕೆಳಗೆ ಗೇನ್ಸ್‌ಬರೋ ಊರು ತಲುಪಿರ್ತವೆ," ಎನ್ನುತ್ತಾರೆ ಹೊರೇಸ್. "ಬೆಳಗ್ಗೆಯಿಂದ ಈ ಮಂಜಲ್ಲಿ ಹದಿಮೂರು ಮೀಟರ್ ಆಚೆ ಬೆಂಡೇ ಕಾಣ್ತಿರ್ಲಿಲ್ಲ. ಅದಕ್ಕೆ ಇಲ್ಲೀತನಕ ಬಿದಿರಲ್ಲೇ ಕಾಲ ಹಾಕ್ದೆ, ಎಡಗೈಲಿ. ಈಗ ಒಂದ್ಸಲ ಮಂಜು ಸರಿದು ಆಚೆ ದಡದ ಮರ ಒಂಚೂರು ಕಾಣಿಸ್ತು. ಸರಿ, ಇನ್ನು ಮೂರು ಜೋಡಿಸಿ ಎತ್ತಿ ನೋಡೋಣ ಅಂತಿದ್ದೆ."

ಏವ್ರಿಲ್ ಮೇಲಕ್ಕೆ ಕೈ ತೋರಿಸುತ್ತಾರೆ.

ಮಂಜು ತೆಳುವಾಗುತ್ತಿದೆ. ಮೊದಲು ಕಂಬದ ತುದಿ, ಆಮೇಲೆ ಪಿಂಗಾಣಿಯ ಬಟ್ಟಲುಗಳು, ಆಮೇಲೆ ಹನಿಗಟ್ಟಿದ ಮೂರು ತಂತಿಗಳು ಒಂದೊಂದಾಗಿ ಮೂಡಿ ಬರುತ್ತವೆ. ಹೊರೇಸ್ ಕೂತಲ್ಲಿಗೆ ನೇರ ಮೇಲೆ. ಅವರು ತಲೆಯೆತ್ತಿ ನೋಡುತ್ತಾರೆ. ಟೋಪಿ ತೆಗೆದು ನೋಡುತ್ತಾರೆ.

"ಐವತ್ತೊಂದು ವರ್ಷ," ಎನ್ನುತ್ತಾರೆ. "ಮೇಲೆ ನೋಡಿದ್ದೇ ಇಲ್ಲ ಕಣೇ. ಬೆಂಡು ಇರೋದು ಕೆಳಗೆ ಅಲ್ವಾ."

"ನಿಮ್ಮ ಕೋಲಿನ ಮೇಲೆ ಚೀಟಿ ಇತ್ತು ಹೊರೇಸ್. ನಾನು ಕಿತ್ತುಹಾಕ್ದೆ. ಚೆಂದ ಕಾಣ್ಲಿ ಅಂತ."

"ಇದ್ದಿದ್ರೆ ಮಾತ್ರ ನಾನೇನು ಓದ್ತಿದ್ನಾ."

"ನೀವು ಓದ್ತಿದ್ರೋ ಬಿಡ್ತಿದ್ರೋ, ಅದು ಅಲ್ಲಿರ್ಬೇಕಿತ್ತು."

ಹೊರೇಸ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಡುತ್ತಾರೆ. ಏವ್ರಿಲ್ ಹಿಡಿದರೆ ಅರ್ಧ ಚೆಲ್ಲುತ್ತದೆ. ಟ್ರೆಂಟ್ ದಡದಲ್ಲಿ ಪ್ರೀತಿ ಬಂದವರನ್ನೆಲ್ಲ ಬಾತುಕೋಳಿ ಎಂದೇ ಕರೆಯುವುದು. ಹೊರೇಸ್ ಬಾಯಲ್ಲಿ ಆ ಮಾತು ಬರುವುದು ಅಪರೂಪ. "ಕೈ ನಡುಗಿಸ್ಬೇಡ ಬಾತುಕೋಳಿ," ಎನ್ನುತ್ತಾರೆ. "ಈ ಜಿಲ್ಲೆಯ ಅರ್ಧ ಚಿಮಣಿ ಗುಡಿಸೋರು ಆ ಕೈ ನಂಬ್ಕೊಂಡಿದಾರೆ." ಏವ್ರಿಲ್ ನಗುತ್ತಾರೆ. ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರೂ ಒಂದೇ ಮುಚ್ಚಳದಲ್ಲಿ ಉಳಿದ ಚಹಾ ಮುಗಿಸುತ್ತಾರೆ. ದೇವರ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತದೆಯೇ ಅಲ್ಲೊಂದು ಕೃತಜ್ಞತೆ ಕೂತಿರುತ್ತದೆ.

ಆಮೇಲೆ ಗಂಟುಮೂಟೆ ಹೊತ್ತು, ತಂತಿಗೆ ಬೆನ್ನು ಮಾಡಿ, ಇನ್ನೂರು ಹೆಜ್ಜೆ ಹರಿವಿನ ಕೆಳಗೆ ಹೋಗುತ್ತಾರೆ. ಅಲ್ಲಿ ಆಕಾಶ ಬಿಟ್ಟರೆ ಮೇಲೆ ಏನೂ ಇಲ್ಲ. ಏವ್ರಿಲ್ ಮೂರು ಸಲ ಮೇಲೆ ನೋಡಿ ತಲೆಯಾಡಿಸಿದ ಮೇಲೆಯೇ ಹೊರೇಸ್ ಎಂಟನೆಯ ತುಂಡು ಕೂರಿಸುವುದು. ಮೀನನ್ನು ಸೆಳೆಯಲು ಬೇಯಿಸಿ ಬಿರಿದ ಭಂಗಿಬೀಜವನ್ನು ಒಂದು ಹಿಡಿ ಎರಚಿ, ಕೋಲು ತೊಡೆಗಿಟ್ಟು, ಬೆಂಡನ್ನು ಅದರ ಮೇಲೇ ಇಳಿಸುತ್ತಾರೆ. ನದಿ ಹರಿಯುತ್ತಿದ್ದರೂ ಬೆಂಡು ಇಟ್ಟಲ್ಲಿ ಇರುತ್ತದೆ. ಇದು ಅವರಿಗೆ ಹೊಸದು. ಅರ್ಧ ಗಂಟೆಯಲ್ಲಿ ಬೆಂಡು ಒಂದು ಕೂದಲಿನಷ್ಟು ಕುಸಿಯುತ್ತದೆ. ಒಂದು ಪೌಂಡು ತೂಗಬಹುದಾದ ರೋಚ್. ಬೆರಳು ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡುತ್ತಾರೆ. ಭುಜ ನೋಯಲಿಲ್ಲವಾ ಎಂದರೆ ಇಲ್ಲ ಎನ್ನುತ್ತಾರೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾದವರಂತೆ. "ಬಿದಿರಲ್ಲಿ ಹಿಡಿದ್ರೆ ದಾರೀಲಿ ಹೋಗ್ತಾ ಯಾರೋ ಸಿಕ್ಕಿ ಮಾತಾಡ್ಸಿದ ಹಾಗೆ. ಇದ್ರಲ್ಲಿ ಮನೆ ಹುಡುಕ್ಕೊಂಡ್ ಹೋಗಿ ಬಾಗಿಲು ತಟ್ಟಿದ ಹಾಗೆ. ಕೆಟ್ಟದ್ದೇನಲ್ಲ. ಸಂಘದಲ್ಲಿ ಹೇಳ್ಬೇಡ."

ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಗಳ ಸಂಘದ ಕೋಣೆಯಲ್ಲಿ ಪ್ರತಿ ಶುಕ್ರವಾರ ನಡೆಯುತ್ತದೆ. ಏವ್ರಿಲ್ ಅಲ್ಲಿಗೆ ಹೋಗುವುದಿಲ್ಲ. ಅವರು ಮೀನು ಹಿಡಿಯುವವರೇ ಅಲ್ಲ. ಶೆಡ್ಡಿಗೆ ಬಂದವರು ಕೇಳಿದರೆ ಅವರದು ಒಂದೇ ಉತ್ತರ. "ನನ್ನ ಹತ್ರ ಎರಡೂ ಮುರಿದ ಮೇಲೇ ಬರೋದು. ಬಿದಿರು ಹೇಳಿ ಮುರಿಯತ್ತೆ, ಒಂದು ವಾರ ಮೊದ್ಲೇ ನರಳತ್ತೆ. ಕಾರ್ಬನ್ ಹೇಳ್ದೇ ಮುರಿಯತ್ತೆ. ಅಷ್ಟೇ ವ್ಯತ್ಯಾಸ."

ಕಾರ್ಬನ್ ಬಂದ ಹೊಸದರಲ್ಲಿ ಅಪ್ಪ ಅದನ್ನು ಇದ್ದಿಲ ಕೋಲು ಎಂದು ಕರೆದು ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂರೇ ವರ್ಷದಲ್ಲಿ ಬಿದಿರಿನ ಕೆಲಸ ನಿಂತಿತು. ಚಳಿಗಾಲವೊಂದನ್ನು ಅಪ್ಪ ಮಗಳು ಕೂಲಿಗೆ ಆಲೂಗಡ್ಡೆ ವಿಂಗಡಿಸಿ ಕಳೆದರು. ಇಪ್ಪತ್ತೆರಡರ ಏವ್ರಿಲ್ ಒಂದು ದಿನ ಅಪ್ಪನಿಗೆ ತಿಳಿಯದಂತೆ ಮುರಿದ ಕಾರ್ಬನ್ ತುಂಡೊಂದನ್ನು ತಂದು, ಬರಿಯ ಅಂಟು ನಿಲ್ಲದಿದ್ದಾಗ, ಬಿದಿರಿಗೆ ಸುತ್ತುವ ಅದೇ ರೇಷ್ಮೆಯನ್ನು ಅದರ ಮೇಲೆ ಸುತ್ತಿ ರಾಳ ಹಾಕಿದರು. ನಿಂತಿತು. ಅಪ್ಪ ನೋಡಿದರು, ಬೆಳಕಿಗೆ ಹಿಡಿದು ತಿರುಗಿಸಿದರು, ದಾರ ಸರಿಯಾಗಿದೆ ಎಂದಷ್ಟೇ ಹೇಳಿ ಚಹಾ ಕುಡಿಯಲು ಹೋದರು. ಅಪ್ಪನಿಂದ ಬಂದ ಹೊಗಳಿಕೆ ಅದೊಂದೇ. ಏವ್ರಿಲ್ ಅದರ ಮೇಲೆ ಬದುಕು ಕಟ್ಟಿಕೊಂಡರು. ಈಗ ವಾರಕ್ಕೆ ಹದಿನಾಲ್ಕು ಹದಿನೈದು ತುಂಡು ಬರುತ್ತವೆ, ಲಿಂಕನ್‌ನಿಂದ, ಡರ್ಬಿಯಿಂದ. ಬಿದಿರು ಕೋಲು ಬರುವುದು ವರ್ಷಕ್ಕೆ ಮೂರೋ ನಾಲ್ಕೋ. ಒಂದು ಕಟ್ಟಿಗೆ ಎರಡೂವರೆ ತಾಸು ಸುತ್ತುವುದು, ಎರಡು ದಿನ ಒಣಗಿಸುವುದು. ಹೆಬ್ಬೆರಳಿನ ತುದಿಯಲ್ಲಿ ದಾರ ಓಡಿ ಓಡಿ ಒಂದು ಕಾಲುವೆಯೇ ಬಿದ್ದಿದೆ. ಚಳಿಗಾಲದಲ್ಲಿ ಅದು ಬಿರಿಯುತ್ತದೆ.

ಮಂಗಳವಾರ ಮಧ್ಯಾಹ್ನ ಹೊರೇಸ್ ಕೋಲಿನ ಬುಡದ ತುಂಡು ಮತ್ತೆ ಕವೆಗಳ ಮೇಲೆ ಮಲಗುತ್ತದೆ. ಏವ್ರಿಲ್ ಜೇಬಿನಿಂದ ಚೀಟಿ ತೆಗೆದು, ಅಂಚಿನ ಮಣ್ಣು ಒರೆಸಿ, ಮೊದಲಿದ್ದ ಜಾಗಕ್ಕೇ ಕೂರಿಸುತ್ತಾರೆ. ಅಂಟು ಸತ್ತಿದೆ, ನಿಲ್ಲುವುದಿಲ್ಲ. ಅವರು ಕೆಂಪು ರೇಷ್ಮೆ ಆರಿಸುತ್ತಾರೆ. ಚೀಟಿಯ ಎರಡೂ ಅಂಚನ್ನು ಹಿಡಿದು ಒಂದೊಂದು ಬೆರಳಗಲ ಸುತ್ತಿ, ಮೇಲೆ ವಾರ್ನಿಷ್ ಎಳೆಯುತ್ತಾರೆ. ಬುಧವಾರ ಇನ್ನೊಂದು ಲೇಪ. ನಡುವೆ ಬಿಡುವಾದಾಗ ಫೋನಿನ ಮುಂದೆ ಕೂತು, ಹೆಸರು ನೆನಪಿರುವ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೆ ಹೇಳುತ್ತಾರೆ, ನಿಮ್ಮ ಕೋಲಿನ ಚೀಟಿ ನಾನು ಕಿತ್ತಿದ್ದೆ, ಕೋಲು ತಂದುಕೊಡಿ, ಹೊಸದು ಹಾಕಿಕೊಡುತ್ತೇನೆ. ಹೆಚ್ಚಿನವರು ನಗುತ್ತಾರೆ. ಇಬ್ಬರು ಮಾತ್ರ, ನಾಳೆಯೇ ತರುತ್ತೇವೆ ಎನ್ನುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಶೆಡ್ಡಿಗೆ ಬಂದವರು ಕೇಳಿದರೆ ಏವ್ರಿಲ್ ದಾರ ಸುತ್ತುವುದನ್ನು ನಿಲ್ಲಿಸುತ್ತಾರೆ. "ನಾನು ಕಟ್ಟಿದ ಜಾಗ ಎಲ್ಲೀಂತ ಯಾರಿಗೂ ಕಾಣ್ಬಾರ್ದು ಅಂತಿದ್ದೆ ಇಷ್ಟು ದಿನ. ಈಗ್ಲೂ ಅದೇ. ಚೀಟಿ ಮಾತ್ರ ಕಾಣ್ಲಿ."

ಶುಕ್ರವಾರ ಬೆಳಗ್ಗೆ ಬಿಸಿಲು ಬಿದ್ದಿದೆ. ಹೊರೇಸ್ ಶೆಡ್ಡಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಈ ಸಲ ಕಂಬಳಿ ತಂದಿಲ್ಲ. ಏವ್ರಿಲ್ ವಾರ್ನಿಷ್ ಒಣಗಿದೆಯೇ ಎಂದು ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ಎದ್ದು, ಹಳದಿ ಚೀಟಿ ಮೇಲ್ಮುಖವಾಗಿ ಬರುವಂತೆ ತುಂಡನ್ನು ಒಂದಿಷ್ಟು ತಿರುಗಿಸಿ, ಎರಡೂ ಕೈಯಿಂದ ಅವರ ಕೈಗೆ ಕೊಡುತ್ತಾರೆ.